ಕೈಹಾಲು ಕುಡಿದ ಹೋತ

ಕೊರೊನಾದ ಮುಖಗವಸು ಕಳಚಿ ಜನ ಮತ್ತೆ ಒಬ್ಬರ ಮುಖ ಒಬ್ಬರು ನೋಡತೊಡಗಿದ ವರ್ಷ ನಾನು ಕಲಘಟಗಿ ತಾಲೂಕಿನ ಒಂದು ಪಶು ಚಿಕಿತ್ಸಾಲಯಕ್ಕೆ ವೈದ್ಯಾಧಿಕಾರಿಯಾಗಿ ಬಂದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಅದಕ್ಕೂ ಮೊದಲು ಬಹಳ ವರ್ಷ ನವಲಗುಂದದ ಕಡೆ ಇದ್ದವಳು. ಅಲ್ಲಿ ಎರೆ ಹೊಲ, ಒಣ ಗಾಳಿ. ಆಡುಗಳಿಗೆ ಮಳೆಗಾಲದ ಕಾಯಿಲೆ ಅಷ್ಟಾಗಿ ಕಾಡುತ್ತಿರಲಿಲ್ಲ. ಕಲಘಟಗಿ ಅದೇ ಧಾರವಾಡ ಜಿಲ್ಲೆಯೇ ಆದರೂ ಇಲ್ಲಿಯ ಹವೆ ಬೇರೆ. ಭತ್ತದ ಗದ್ದೆ, ಮಾವಿನ ತೋಟ, ಕಾಡಿನ ಅಂಚು. ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಮಳೆ ಗಣೇಶನ ಹಬ್ಬ ದಾಟಿದರೂ ಬಿಡುವುದಿಲ್ಲ. ಆಡಿಗೆ ಒದ್ದೆ ನೆಲದಷ್ಟು ಆಗದ ವಸ್ತು ಇನ್ನೊಂದಿಲ್ಲ.

ನನ್ನ ಸಿಟ್ಟಿನ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಾಣಿಗಳ ಜೊತೆ ನನಗೆ ಬೇಕಾದಷ್ಟು ತಾಳ್ಮೆ ಇತ್ತು; ಅವುಗಳನ್ನು ಸಾಕುವವರ ಜೊತೆ ಇರಲಿಲ್ಲ. ಇದ್ದಷ್ಟನ್ನೂ ತಂಬೂರು ಎಂಬ ಹಳ್ಳಿಯ ಫಕ್ಕೀರಪ್ಪ ಮತ್ತು ಅವನ ಹೆಂಡತಿ ಯಲ್ಲವ್ವ ಸೇರಿ ಖಾಲಿ ಮಾಡಿದರು. ಆ ದಂಪತಿ ಕೆಟ್ಟವರಾಗಿದ್ದರೆ ನಾನು ಒಂದು ಸಲ ಬೈದು ಸುಮ್ಮನಾಗುತ್ತಿದ್ದೆ. ಅವರು ಒಳ್ಳೆಯವರು, ಹೇಳಿದ್ದಕ್ಕೆಲ್ಲ "ಹೌದ್ರಿ ಬಾಯಾರ" ಎನ್ನುವವರು, ಚಹಾ ಕುಡಿಸದೆ ಕಳಿಸದವರು. ಹೌದ್ರಿ ಎಂದು ತಲೆಯಾಡಿಸಿ ಮರುದಿನ ತಮಗೆ ತೋಚಿದ್ದನ್ನೇ ಮಾಡುವವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಗೆಂದು ನಮಗೆ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಫಕ್ಕೀರಪ್ಪ ಹುಬ್ಬಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾಗಿದ್ದ. ಲಾಕ್‌ಡೌನ್‌ನಲ್ಲಿ ಕಾರ್ಖಾನೆ ಮುಚ್ಚಿತು, ಅವನು ಊರಿಗೆ ಬಂದ. ಗೇಟು ಮತ್ತೆ ತೆರೆದು ಕರೆ ಬಂದರೂ ಹೋಗಲಿಲ್ಲ. ಕಾಡಿಗೆ ಹತ್ತಿದ ಮೂರು ಎಕರೆ ಜಮೀನಿನಲ್ಲಿ ನೆಲದಿಂದ ಎತ್ತರಕ್ಕೆ ಬಿದಿರಿನ ಅಟ್ಟಣಿಗೆ ಹಾಕಿ, ತಗಡು ಹೊದಿಸಿ, ಆಡಿನ ದೊಡ್ಡಿ ಕಟ್ಟಿದ. ಮೊದಲ ಸಲ ನಾನು ಪಿಪಿಆರ್ ಎಂಬ ಆಡಿನ ರೋಗಕ್ಕೆ ಲಸಿಕೆ ಹಾಕಲು ಹೋದಾಗ ದೊಡ್ಡಿಯ ಬಾಗಿಲಲ್ಲಿ ನಿಂತು ಹೇಳಿದ: "ಇನ್ನ ಆ ಗೇಟಿಗೆ ಹೋಗೂದಿಲ್ರಿ ಬಾಯಾರ. ಮಂದಿ ಕಾರಿಗೆ ಸಲಾಮ ಹೊಡದ ಹೊಡದ ಸಾಕಾಗೇತಿ. ಹೊರಳಿ ಹೋಗೂ ಪಾಳಿ ತರಬಾರದು ಇವು."

ಯಲ್ಲವ್ವ ಒಳಗಿನಿಂದಲೇ ಸೇರಿಸಿದಳು: "ಆರು ವರ್ಷ ಹಬ್ಬಕ್ಕಷ್ಟ ಮನೀಗೆ ಬಂದಾರ್ರಿ. ಇವು ಬದುಕಿದ್ರ ಇವರೂ ಇಲ್ಲೇ ಇರ್ತಾರ."

ಅವನ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಈ ಭಾಗದ ಮಳೆಯನ್ನು ತಡೆದುಕೊಂಡು ಮೈ ತುಂಬುವ ಮಾಂಸದ ಆಡುಗಳ ತಳಿಯನ್ನು ತನ್ನ ದೊಡ್ಡಿಯಲ್ಲೇ ಬೆಳೆಸುವುದು. ಗಂಡು ಮರಿಗಳನ್ನು ಮಾಂಸಕ್ಕೆ, ಆಯ್ದ ಹೋತಗಳನ್ನು ಸುತ್ತಲಿನ ಹಳ್ಳಿಗಳಿಗೆ ತಳಿಗೆ ಕೊಡುವುದು. ಶುರುವಿನಲ್ಲಿ ಎಲ್ಲರಂತೆ ಅವನೂ ಮೊಬೈಲ್ ವಿಡಿಯೋ ನೋಡಿ ಹೊರಗಿನಿಂದ ಬೋಯರ್ ಎಂಬ ವಿದೇಶಿ ಆಡಿನ ಮಿಶ್ರತಳಿಯ ಒಂದು ಹೋತ ತಂದಿದ್ದನಂತೆ. ಅಗಲ ಎದೆ, ಜೋಲು ಕಿವಿ, ಊರೆಲ್ಲ ಬಂದು ನೋಡಿ ಹೋಯಿತಂತೆ. ಮೊದಲ ಮಳೆಗಾಲದಲ್ಲೇ ಅದು ಸತ್ತಿತು. ಆಮೇಲೆ ಅವನು ನಾಡ ಆಡುಗಳಿಗೇ ಅಂಟಿಕೊಂಡ. ಅಷ್ಟು ಬುದ್ಧಿ ಅವನಿಗಿತ್ತು, ಅದಕ್ಕೇ ನಾನು ಅವನ ದೊಡ್ಡಿಗೆ ಮನಸ್ಸಿಟ್ಟೆ.

ಇಲ್ಲಿ ಒಂದು ಹುಳುವಿನ ವಿಷಯ ಹೇಳಬೇಕು. ಅದರ ಹೆಸರು ಹೀಮಾಂಕಸ್. ಒದ್ದೆ ಹುಲ್ಲಿನ ಜೊತೆ ಆಡಿನ ಹೊಟ್ಟೆ ಸೇರಿ, ಒಳಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆಡು ತಿನ್ನುತ್ತಲೇ ಇರುತ್ತದೆ, ಸೊರಗುತ್ತಲೂ ಇರುತ್ತದೆ. ಕೊನೆಗೆ ಗದ್ದದ ಕೆಳಗೆ ನೀರಿನ ಚೀಲದಂತೆ ಬಾವು ಬಂದು ಒಂದು ಬೆಳಗ್ಗೆ ಏಳುವುದಿಲ್ಲ. ಔಷಧಿ ಇದೆ. ಆದರೆ ಎಲ್ಲಕ್ಕೂ ಮೇಲಿಂದ ಮೇಲೆ ಕುಡಿಸಿದರೆ ಹುಳುವೇ ಔಷಧಿಗೆ ಒಗ್ಗಿಹೋಗುತ್ತದೆ. ಅದಕ್ಕೇ ಕಣ್ಣಿನ ಕೆಳರೆಪ್ಪೆಯನ್ನು ಹೊರಳಿಸಿ ನೋಡಬೇಕು. ಒಳಗೆ ಕೆಂಪಿದ್ದರೆ ಆಡು ತಡೆದುಕೊಂಡಿದೆ ಎಂದರ್ಥ. ಬಿಳಿಚಿದ್ದರೆ ಔಷಧಿ ಕೊಡಬೇಕು. ಯಾವ ಆಡಿನ ರೆಪ್ಪೆ ಔಷಧಿ ಇಲ್ಲದೆಯೂ ಮಳೆಗಾಲವಿಡೀ ಕೆಂಪಾಗಿರುತ್ತದೋ ಅದು ಗಟ್ಟಿ ಆಡು. ಆ ಗುಣ ಮಕ್ಕಳಿಗೂ ಸಾಕಷ್ಟು ಮಟ್ಟಿಗೆ ಇಳಿಯುತ್ತದೆ.

ಫಕ್ಕೀರಪ್ಪನ ದೊಡ್ಡಿಯಲ್ಲಿ ಅಂಥ ಒಂದು ಆಡಿತ್ತು. ಉಸ್ಮಾನಾಬಾದಿ ತಳಿಯ ರಕ್ತದ ಕಪ್ಪು ಆಡು, ಎಡಗಿವಿಯ ತುದಿ ಹರಿದದ್ದು. ಯಲ್ಲವ್ವ ಅದಕ್ಕೆ ಕರೆವ್ವ ಎಂದು ಹೆಸರಿಟ್ಟಿದ್ದಳು. ಮಳೆ ಜೋರಾಗಿ ಉಳಿದವು ಕೆಮ್ಮುತ್ತ, ಉಚ್ಚಿಕೊಳ್ಳುತ್ತ ಮೂಲೆಗೆ ನಿಂತಾಗ ಕರೆವ್ವ ದೊಡ್ಡಿಯ ಬಾಗಿಲಿಗೆ ಬಂದು ಹೊರಗೆ ಬಿಡಿ ಎಂದು ಅರಚುತ್ತಿತ್ತು. ನಾನು ಎಷ್ಟು ಸಲ ರೆಪ್ಪೆ ಹೊರಳಿಸಿದರೂ ಒಳಗೆ ಕೆಂಪು. ಅದರ ಮರಿಗಳೂ ಹಾಗೇ ಇದ್ದವೆಂದು ಯಲ್ಲವ್ವ ಹೇಳಿದಳು.

"ಆ ಮರಿಗೋಳು ಎಲ್ಲಿ ಅದಾವ?" ಎಂದು ಕೇಳಿದೆ.

"ಗಂಡು ಮಾರೇವ್ರಿ. ಒಂದ ಹೆಣ್ಣಿತ್ತು, ಅದನ್ನ ತಂಗೀಗೆ ಕೊಟ್ಟೆ," ಎಂದಳು ಯಲ್ಲವ್ವ.

"ಮತ್ತ ಈ ದೊಡ್ಡಿಗೆಲ್ಲ ಹೋತ ಯಾವುದು?"

ಅವಳು ತೋರಿಸಿದ ಪ್ರಾಣಿಯನ್ನು ನಾನು ಇನ್ನೂ ಮರೆತಿಲ್ಲ. ಮಾಸಲು ಬಿಳಿ, ಡೊಂಕು ಮುಂಗಾಲು, ಊದಿದ ಹೊಟ್ಟೆ, ಗಡ್ಡ ಮಾತ್ರ ಉದ್ದ. ಹೆಸರು ಗಿಡ್ಡ್ಯಾ. ರೆಪ್ಪೆ ಹೊರಳಿಸಿದೆ, ತೊಳೆದ ಅರಿವೆಯಂತೆ ಬಿಳಿ. ಈ ಮಹಾಶಯನೇ ದೊಡ್ಡಿಯ ಅರ್ಧಕ್ಕಿಂತ ಹೆಚ್ಚು ಮರಿಗಳ ಅಪ್ಪ.

ಕಾರಣ ಕೇಳಿದೆ. ಗಿಡ್ಡ್ಯಾ ಹುಟ್ಟುವಾಗಲೇ ನಿತ್ರಾಣವಾಗಿತ್ತಂತೆ, ತಾಯಿ ಹತ್ತಿರ ಸೇರಿಸಲಿಲ್ಲವಂತೆ. ಯಲ್ಲವ್ವ ಬಾಟಲಿಯಲ್ಲಿ ಹಾಲು ಕುಡಿಸಿ, ಒಲೆಯ ಮುಂದೆ ಮಲಗಿಸಿ ಬದುಕಿಸಿದಳು. ಹಾಗೆ ಮನುಷ್ಯರ ಕೈಯಿಂದ ಹಾಲು ಕುಡಿದ ಮರಿಗೆ ಅವರು ಕೈಹಾಲಿನ ಮರಿ ಎನ್ನುತ್ತಾರೆ. ಕೈಹಾಲು ಕುಡಿದದ್ದನ್ನು ಆ ಮನೆಯವರು ಕತ್ತಿಗೆ ಕೊಡುವುದಿಲ್ಲ. ಯಲ್ಲವ್ವನ ಅತ್ತೆಯ ಕಾಲದಿಂದ ನಡೆದು ಬಂದ ರೂಢಿ. "ಬಾಯಿಗೆ ಬಾಟ್ಲಿ ಹಿಡದ ಕೈಲೆ ಹಗ್ಗಾ ಹಿಡದ ಕೊಡಬಾರದ್ರಿ," ಎಂದಳು. ಅದರಲ್ಲಿ ತಕರಾರಿಗೆ ಜಾಗವೇ ಇಲ್ಲ ಎಂಬ ಧ್ವನಿ.

ಅಲ್ಲಿಗೆ ನನಗೆ ಇಡೀ ದೊಡ್ಡಿಯ ಕಥೆ ಅರ್ಥವಾಯಿತು, ಮೈ ಉರಿಯಿತು. ತಾಯಿಯ ಹಾಲು ಕುಡಿದು ಗಟ್ಟಿಯಾಗಿ ಬೆಳೆದವೆಲ್ಲ ಮಾರಾಟ. ಬದುಕಲು ಲಾಯಕ್ಕಿಲ್ಲದೆ ಹುಟ್ಟಿದವೆಲ್ಲ ಬಾಟಲಿಯ ಹಾಲು ಕುಡಿದು, ಮನೆಯಲ್ಲೇ ಉಳಿದು, ಮುಂದಿನ ಪೀಳಿಗೆಗೆ ಅಪ್ಪ ಅಮ್ಮ ಆಗುತ್ತಿದ್ದವು. ಗಟ್ಟಿ ತಳಿ ಬೆಳೆಸುತ್ತೇನೆ ಎಂದು ಹೊರಟ ಮನುಷ್ಯ ವರ್ಷವರ್ಷವೂ ಶ್ರದ್ಧೆಯಿಂದ ಮೆತ್ತಗಿನ ತಳಿ ಬೆಳೆಸುತ್ತಿದ್ದ.

ಅವನಿಗೆ ಬಿಡಿಸಿ ಹೇಳಿದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ ಹೇಳಿದ: "ಮಾವಿನ ಹಣ್ಣ ಛಲೋ ಛಲೋವು ಪ್ಯಾಟಿಗೆ ಹೋಗ್ತಾವ್ರಿ, ಕಲಿ ಬಿದ್ದವು ಮನ್ಯಾಗ ತಿಂತೇವಿ. ಆಡಾನೂ ಹಂಗರಿ."

"ಗೊರಟಾ ಊರೂದಾದ್ರ ಕಲಿ ಬಿದ್ದ ಹಣ್ಣಿಂದ ಊರತಿಯೇನು?"

"ಗೊರಟಾ ಯಾರ ಊರ್ತಾರ್ರಿ ಈಗ, ಕಸಿ ಗಿಡ ತರ್ತೇವಿ," ಎಂದ ಅವನು. ನನ್ನನ್ನು ಸೋಲಿಸಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ಕಸಿ ಗಿಡವನ್ನೇ ತರುತ್ತಿದ್ದ.

ಆ ವರ್ಷ ಕರೆವ್ವನಿಗೆ ಒಂದು ಗಂಡು ಮರಿ ಇತ್ತು. ಕಾಳ್ಯಾ ಎಂದು ಹೆಸರು. ಅಪ್ಪ ಗಿಡ್ಡ್ಯಾನೇ ಇದ್ದಿರಬಹುದು, ಆದರೆ ಮರಿ ಪೂರಾ ತಾಯಿಯನ್ನೇ ಹೋಲುತ್ತಿತ್ತು. ನೆಟ್ಟಗಿನ ಕಾಲು, ಗಟ್ಟಿ ಗೊರಸು, ಮಳೆಯಲ್ಲೂ ಮಿಂಚುವ ಕೂದಲು. ಇದನ್ನು ಮಾರಬೇಡ, ಇದೇ ನಿನ್ನ ಮುಂದಿನ ಹೋತ ಎಂದು ಫಕ್ಕೀರಪ್ಪನಿಗೆ ಹೇಳಿದೆ. ಕಿವಿಗೆ ಹಳದಿ ಓಲೆ ಹಾಕಿದೆ. ಮಾರುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟರು.

ಮಾತಿಗೆ ತಪ್ಪಲಿಲ್ಲ. ಮಾರಲಿಲ್ಲ. ಮಳೆ ನಿಂತ ಮೇಲೆ ಬಮ್ಮಿಗಟ್ಟಿಯಲ್ಲಿ ಪಶು ಆರೋಗ್ಯ ಶಿಬಿರ ನಡೆಯಿತು. ಆ ದಿನ ನಾನು ಬೇರೆ ಊರಿನ ಲಸಿಕೆಯ ಕೆಲಸದಲ್ಲಿದ್ದೆ. ಶಿಬಿರದಲ್ಲಿ ಗಂಡು ಮರಿಗಳಿಗೆ ಬರ್ಡಿಜೊ ಹಾಕುತ್ತಾರೆ. ಬರ್ಡಿಜೊ ಎಂದರೆ ದೊಡ್ಡ ಇಕ್ಕಳ. ಚರ್ಮ ಕೊಯ್ಯದೆ ಹೊರಗಿನಿಂದಲೇ ವೃಷಣದ ನರ ಅದುಮಿ ಬೀಜ ಒಡೆಯುವ ಸಾಧನ. ಬೀಜ ಒಡೆದ ಹೋತ ಜಗಳ ಬಿಟ್ಟು ತಿಂದು ಮೈ ತುಂಬುತ್ತದೆ. ಫಕ್ಕೀರಪ್ಪ ಎಲ್ಲಕ್ಕಿಂತ ಚಂದ ಬೆಳೆಯುತ್ತಿದ್ದ ಕಾಳ್ಯಾನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಬೀಜ ಒಡೆಸಿಕೊಂಡು ಬಂದ.

ನಾನು ಕೇಳಿದಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. "ನೀವ ಹೇಳಿದ್ರೆಲ್ರಿ, ಇದು ಅಗದಿ ಛಲೋ ಮರಿ, ಇದನ್ನ ನೋಡಿಕೋ ಅಂತ. ಮತ್ತಿಷ್ಟು ಮೈ ಹಿಡೀಲಿ ಅಂತ ಒಯ್ದೆ."

"ಗಿಡ್ಡ್ಯಾನ್ನ ಯಾಕ ಒಯ್ಯಲಿಲ್ಲ?"

"ಅದೇನು ಮೈ ಹಿಡಿತೈತ್ರಿ, ಸುಮ್ನ ನೋವ ಯಾಕ ಕೊಡೂದು."

ನಾನು ಜೀಪು ಹತ್ತಿದೆ. ದುಮ್ಮವಾಡದ ತನಕ ಒಬ್ಬಳೇ ಬೈಯುತ್ತ ಹೋದೆ. ಚಾಲಕ ಪಾಪ ತನಗೇ ಬೈಯುತ್ತಿದ್ದಾರೆ ಎಂದುಕೊಂಡು ನಿಧಾನ ಮಾಡಿದ. ಕಾಳ್ಯಾನ ಬಗ್ಗೆ ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ನಿರ್ಲಕ್ಷ್ಯ ಮಾಡಿರಲಿಲ್ಲ. ಛಲೋದು ಎಂದ ಕೂಡಲೇ ಅವರ ತಲೆಗೆ ಬರುವುದು ಮೈ ತುಂಬಿದ ಪ್ರಾಣಿ, ನನ್ನ ತಲೆಗೆ ಬರುವುದು ಮುಂದೆ ಹುಟ್ಟುವ ಮರಿಗಳು. ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸಕ್ಕೆ ಒಂದು ಇಡೀ ವರ್ಷ ಹೋಯಿತು.

ಮರುವರ್ಷದ ಮಳೆ ಕೆಟ್ಟದಾಗಿತ್ತು. ಆಕಾಶ ಎಡೆಬಿಡದೆ ಸುರಿಯಿತು, ದೊಡ್ಡಿಯ ಸುತ್ತ ಕೆಸರು ನಿಂತಿತು. ಗಿಡ್ಡ್ಯಾನ ಮಕ್ಕಳು ಒಂದರ ಹಿಂದೆ ಒಂದು ಗದ್ದ ಊದಿಸಿಕೊಂಡು ನಿಂತವು. ಔಷಧಿ ಕುಡಿಸಿದೆವು, ರಕ್ತ ಕೂಡಲು ಚುಚ್ಚುಮದ್ದು ಹಾಕಿದೆವು. ಕೆಲವು ಉಳಿದವು. ಹೆಚ್ಚಿನವು ಉಳಿಯಲಿಲ್ಲ. ಯಲ್ಲವ್ವ ಒಂದೊಂದನ್ನೂ ಒಲೆಯ ಮುಂದೆ ಗೋಣಿಚೀಲದ ಮೇಲೆ ಮಲಗಿಸಿ ಬಾಯಿಗೆ ಬೆಲ್ಲದ ನೀರು ಬಿಡುತ್ತಿದ್ದಳು. ಬದುಕಿದವೆಲ್ಲ ಮತ್ತೆ ಕೈಹಾಲಿನವಾದವು.

ಆ ದಿನಗಳಲ್ಲೇ ಫಕ್ಕೀರಪ್ಪನ ಬಾಯಿಂದ ಗೇಟಿನ ಮಾತು ಬಂತು. ಕಾರ್ಖಾನೆಯವರು ಮತ್ತೆ ಕರೆದಿದ್ದಾರೆ, ದಸರೆಯ ನಂತರ ಹೋಗಬೇಕಾದೀತು ಎಂದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಯಲ್ಲವ್ವ ಒಲೆಯ ಮುಂದಿನಿಂದ ತಲೆಯೆತ್ತಲಿಲ್ಲ. ಅದನ್ನು ಕೇಳಿ ನನಗೆ ಮರುಕ ಬರಬೇಕಿತ್ತು, ಬಂದದ್ದು ಸಿಟ್ಟು.

"ಮಳಿಗೆ ಸತ್ತಿಲ್ಲ ಇವು," ಎಂದೆ. "ಇವ್ರ ಅಪ್ಪನಿಂದ ಸತ್ತಾವು. ಆ ಗಿಡ್ಡ್ಯಾನ್ನ ಈ ದೊಡ್ಡಿಯಿಂದ ಹೊರಗ ಹಾಕೂ ತನಕಾ ನಾ ಬಂದು ಏನೂ ಉಪಯೋಗಿಲ್ಲ. ನಿಮ್ಮ ರೂಢಿ ನೀವ ಇಟಗೊಂಡ ಕೂಡ್ರಿ."

ಯಲ್ಲವ್ವ ಎದ್ದು ನಿಂತಳು. ಅವಳು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಬಾಯಾರ, ಕತ್ತಿಗೆ ಕೊಡೂದಿಲ್ಲ ಅಂದೇನಿ. ಗಿಡ್ಡ್ಯಾ ಅಪ್ಪ ಆಗಲಿ ಅಂತ ನಾ ಎಂದಾದ್ರೂ ಅಂದೇನೇನು? ಅಷ್ಟ ಸಿಟ್ಟಿದ್ರ ನಿಮ್ಮ ಇಕ್ಕಳಾ ತಂದು ಅದಕ್ಕ ಹಾಕ್ರಿ. ಛಲೋ ಇದ್ದವಕ್ಕೆಲ್ಲ ಹಾಕಾಕ ಬರತೈತಿ, ಇದಕ್ಕ ಬರೂದಿಲ್ಲೇನು?"

ಸಿಟ್ಟಿನಲ್ಲಿ ಹೇಳಿದ ಮಾತಾದರೂ ನಾನು ಅದನ್ನು ಹಿಡಿದುಕೊಂಡೆ. ಇಕ್ಕಳ ಜೀಪಿನಲ್ಲೇ ಇತ್ತು. ಗಿಡ್ಡ್ಯಾನ ತಲೆಯನ್ನು ಯಲ್ಲವ್ವ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಫಕ್ಕೀರಪ್ಪ ಕಾಲು ಹಿಡಿದ, ನಾನು ಬರ್ಡಿಜೊ ಹಾಕಿದೆ. ಉಳಿದ ಕೈಹಾಲಿನ ಗಂಡುಗಳಿಗೂ ಅದೇ ದಿನ ಆಯಿತು. ಕೆಲವು ವಾರ ಹೆಣ್ಣುಗಳಿಂದ ದೂರ ಕಟ್ಟಬೇಕು, ಬೀಜ ಒಡೆದ ಕೂಡಲೇ ಸತ್ವ ಹೋಗುವುದಿಲ್ಲ ಎಂದು ಹೇಳಿದೆ. ಹಾಗೇ ಕಟ್ಟಿದರು. ಹೇಳಿದ್ದನ್ನು ಹೇಳಿದಂತೆಯೇ ಮಾಡಿದ ಮೊದಲ ಸಲ ಅದು.

ಈಗ ದೊಡ್ಡಿಗೆ ಹೋತ ಇರಲಿಲ್ಲ. ಬಮ್ಮಿಗಟ್ಟಿಯ ಒಬ್ಬರ ಹತ್ತಿರ ನಾಡ ತಳಿಯ ಗಟ್ಟಿ ಹೋತವೊಂದು ಇತ್ತು. ರೆಪ್ಪೆ ನೋಡಿ ಬಂದಿದ್ದೆ. ಕರೆವ್ವನಿಗೆ ವಯಸ್ಸಾಗಿತ್ತು, ಮುಂದಿನ ಹಲ್ಲು ಸವೆದಿದ್ದವು. ಇನ್ನೊಂದು ಸೂಲಿನ ಶಕ್ತಿ ಮಾತ್ರ ಉಳಿದಿತ್ತು. ಬೆದೆಗೆ ಬಂದ ದಿನ ಫಕ್ಕೀರಪ್ಪ ಅದನ್ನು ಗೂಡ್ಸ್ ಆಟೋದಲ್ಲಿ ಬಮ್ಮಿಗಟ್ಟಿಗೆ ಒಯ್ದು ಹಾರಿಸಿಕೊಂಡು ಬಂದ. ದಸರೆ ಕಳೆಯಿತು. ಅವನು ಹುಬ್ಬಳ್ಳಿಗೆ ಹೋಗಲಿಲ್ಲ. "ಕರೆವ್ವ ಈಯೂ ತನಕಾ ನೋಡ್ತೇನ್ರಿ," ಎಂದ. "ಗಂಡು ಹುಟ್ಟಿದ್ರ ಇರ್ತೇನಿ, ಇಲ್ಲಾಂದ್ರ ಗೇಟ ಐತಿ."

ಬೇಸಿಗೆ ಶುರುವಾಗುವಾಗ ಕರೆವ್ವ ಒಂದೇ ಮರಿ ಹಾಕಿತು. ಗಂಡು. ಯಲ್ಲವ್ವ ಮೊಬೈಲಿನಲ್ಲಿ ಫೋಟೋ ಕಳಿಸಿದಳು: ಕಪ್ಪು ಮರಿ, ಹಣೆಯ ಮೇಲೆ ಬೆರಳಗಲದ ಬಿಳಿ. ಹುಟ್ಟಿದ ಕೂಡಲೇ ಎದ್ದು ನಿಂತು ಮೊಲೆ ಹುಡುಕಿತಂತೆ. ನಾನು ಮೂರು ಸಲ ಫೋನು ಮಾಡಿ ಹೇಳಿದೆ: ಮಾರಬೇಡಿ, ಬೀಜ ಒಡೆಸಬೇಡಿ, ಶಿಬಿರದ ಕಡೆ ತಲೆ ಹಾಕಬೇಡಿ. ಮೂರು ಸಲವೂ ಹೌದ್ರಿ ಬಾಯಾರ ಎಂದರು. ಆ ಹೌದ್ರಿಯ ಮೇಲೆ ನನಗೆ ನಂಬಿಕೆ ಹೋಗಿತ್ತು. ಆದ್ದರಿಂದ ಆ ವಾರದ ಕೆಲಸ ಮುಗಿದ ಕೂಡಲೇ ತಂಬೂರಿಗೆ ಹೋದೆ.

ದೊಡ್ಡಿಯ ಮುಂದೆ ಒಂದು ಬೈಕು ನಿಂತಿತ್ತು. ಇಮಾಮಸಾಬ ಬಂದಿದ್ದ. ಆ ಭಾಗದ ಹಳ್ಳಿಗಳಲ್ಲಿ ಆಡು ಕೊಳ್ಳುವ ವ್ಯಾಪಾರಿ ಅವನು. ಮೆತ್ತನೆ ಮಾತಿನ, ತೂಕದ ಮನುಷ್ಯ. ಮರಿ ಸಣ್ಣದಿರುವಾಗಲೇ ಬಂದು, ಬೇಕಾದದ್ದರ ಬೆನ್ನಿಗೆ ಕೆಂಪು ಬಣ್ಣದ ಪಟ್ಟೆ ಎಳೆದು ಹೋಗುತ್ತಾನೆ. ಪಟ್ಟೆ ಬಿದ್ದ ಮೇಲೆ ಆ ಮರಿ ಅವನದು. ದೊಡ್ಡದಾದ ಮೇಲೆ ಬಂದು ಒಯ್ಯುತ್ತಾನೆ. ಅಷ್ಟರಲ್ಲಿ ಬೇರೆ ಯಾರು ಎಷ್ಟೇ ಕೊಡಲಿ, ಕೊಡುವಂತಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ಆಗಲೇ ತೆಗೆದಿತ್ತು. ಕರೆವ್ವನ ಮರಿ ಫಕ್ಕೀರಪ್ಪನ ಎರಡೂ ಕೈಯಲ್ಲಿತ್ತು.

"ಏನ ನಡಸೀರಿ ಇದು?" ಎಂದೆ.

ಫಕ್ಕೀರಪ್ಪ ನೆಲ ನೋಡಿದ. "ಮಾತು ಕೊಟ್ಟೇನ್ರಿ ಬಾಯಾರ. ನಾ ದೊಡ್ಡಿ ಹಾಕಿದಾಗ ಮೊದಲ ಮರಿ ತಗೊಂಡಾವ್ರು ಇವರ. ಕರೆವ್ವನ ಗಂಡು ಮರಿ ಎಂದಿದ್ರೂ ನಿಮಗ ಅಂತ ಅವತ್ತ ಅಂದಿದ್ದೆ. ಕಾಳ್ಯಾನ್ನ ಕೊಡಲಿಲ್ಲ, ಮುಂದಿಂದು ಕೊಡ್ತೇನಿ ಅಂದೆ. ಈಗ ಹೆಂಗ ಒಲ್ಲೆ ಅನ್ಲಿ?"

"ನನಗೂ ಮಾತು ಕೊಟ್ಟಿದ್ದಿ."

"ನಿಮಗ ಆಮ್ಯಾಲೆ ಕೊಟ್ಟಿದ್ದರಿ."

ಇಮಾಮಸಾಬನ ಕಡೆ ತಿರುಗಿದೆ. ಈ ಮರಿಯನ್ನು ಬಿಡಿ, ಇದು ದೊಡ್ಡಿಯ ತಳಿಯ ಪ್ರಶ್ನೆ ಎಂದೆ. ಅವನು ನಕ್ಕು, "ಮಾತು ಅವರದರಿ, ನನ್ನದಲ್ಲ. ಅವರ ಬ್ಯಾಡಂದ್ರ ಬಿಡತೇನಿ," ಎಂದ. ಫಕ್ಕೀರಪ್ಪ ಬೇಡ ಎನ್ನಲಾರ. ಕೊಟ್ಟ ಮಾತನ್ನು ವ್ಯಾಪಾರಿಯ ಎದುರು ನುಂಗಿದವನು ಎಂದು ಸಂತೆಯಲ್ಲಿ ಹೆಸರಾದರೆ ಅವನಿಗೆ ಗೇಟಿಗೆ ಹೋಗುವುದಕ್ಕಿಂತ ದೊಡ್ಡ ಅವಮಾನ. ಮರಿಯನ್ನು ಹಿಡಿದ ಕೈ ಮಾತ್ರ ಸಡಿಲಿಸಲಿಲ್ಲ. ಅವನಿಗೂ ಆ ಮರಿ ಬೇಕಿತ್ತು. ಅವನಿಗೇ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಬಾಯಿ ಬಿಡಲು ಬರುತ್ತಿರಲಿಲ್ಲ, ಅಷ್ಟೇ.

ಅನುವಂಶೀಯತೆ, ರೋಗ ನಿರೋಧಕ ಗುಣ, ಆಯ್ಕೆಯ ತತ್ವ ಎಂದು ಮತ್ತೆ ಶುರು ಮಾಡಬೇಕೆಂದು ಬಾಯಿ ತೆರೆದೆ. ಗೋಡೆಗೆ ಹೇಳಿದಷ್ಟೇ ಫಲ ಎಂದು ನನಗೇ ಅನ್ನಿಸಿತು. ಆಗ ಯಲ್ಲವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಅವಳ ಕೈಯಲ್ಲಿ ಬಾಟಲಿ ಇತ್ತು. ಇನ್ನೊಂದು ಆಡಿನ ಅವಳಿಯಲ್ಲಿ ಸೊರಗಿದ ಒಂದಕ್ಕೆ ಬೆಚ್ಚಗಿನ ಹಾಲು.

ನಾನು ಅವಳ ಕೈಯಿಂದ ಬಾಟಲಿ ಕಸಿದುಕೊಂಡೆ. ಬೇರೆ ಪದ ಬಳಸಿ ಮರ್ಯಾದೆ ಉಳಿಸಿಕೊಳ್ಳುವುದಿಲ್ಲ, ಕಸಿದುಕೊಂಡೇ ಬಿಟ್ಟೆ. ಫಕ್ಕೀರಪ್ಪನ ಕೈಯಲ್ಲಿದ್ದ ಮರಿಯ ಬಾಯಿಗೆ ಹಿಡಿದೆ. ಅದು ಹೊಟ್ಟೆ ತುಂಬ ತಾಯಿಯ ಹಾಲು ಕುಡಿದದ್ದು. ಮೊದಲು ಮುಖ ತಿರುಗಿಸಿತು. ನಾನು ನಿಪ್ಪಲ್ ಒತ್ತಿ ಎರಡು ಹನಿ ತುಟಿಗೆ ಸವರಿದೆ. ನೆಕ್ಕಿತು. ಆಮೇಲೆ ಬಾಯಿ ಹಾಕಿ, ಬಾಲ ಅಲ್ಲಾಡಿಸುತ್ತ ಚಪ್ಪರಿಸಿ ಕುಡಿಯತೊಡಗಿತು.

"ಬಾಯಾರ," ಎಂದ ಫಕ್ಕೀರಪ್ಪ ಮೆಲ್ಲಗೆ, "ಇದು ತಾಯಿ ಹಾಲ ಕುಡಿಯೂ ಮರಿರಿ. ಹಿಂಗ ಕುಡಿಸಿದ್ರ ಕೈಹಾಲಿನ ಲೆಕ್ಕಕ್ಕ ಬರತೈತೇನ್ರಿ?"

"ನನ್ನ ಕೇಳಬ್ಯಾಡ," ಎಂದೆ. "ರೂಢಿ ನಿನ್ನ ಹೆಂಡತೀದು. ಆಕೀನ್ನ ಕೇಳು."

ಮೂವರೂ ಯಲ್ಲವ್ವನ ಕಡೆ ನೋಡಿದೆವು. ಅವಳು ಗಂಡನ ಮುಖ ನೋಡಿದಳು, ಇಮಾಮಸಾಬನ ಡಬ್ಬಿ ನೋಡಿದಳು, ಹಾಲು ಕುಡಿಯುತ್ತಿದ್ದ ಮರಿಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ನನ್ನ ಕಿತಾಪತಿ ಅರ್ಥವಾಗಿತ್ತು. ಆ ರೂಢಿಯನ್ನು ಅವಳು ಅತ್ತೆಯಿಂದ ಪಡೆದು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು. ಅದನ್ನು ನಾನು ಇಕ್ಕಳದಂತೆ ಬಳಸಿದ್ದೆ. ಬೇಡ ಎಂದು ಬಾಟಲಿ ಕಿತ್ತುಕೊಂಡಿದ್ದರೆ ನಾನು ತೆಪ್ಪಗೆ ಜೀಪು ಹತ್ತಬೇಕಿತ್ತು.

"ಹಾಲು ನಮ್ಮನೀದು. ಬಾಟ್ಲಿ ನಂದು," ಎಂದಳು ಕೊನೆಗೆ. "ಕುಡದದ್ದು ಕುಡದಂಗರಿ. ಈ ಮರಿ ಇನ್ನ ಕತ್ತಿಗೆ ಇಲ್ಲ."

ಇಮಾಮಸಾಬ ಡಬ್ಬಿಯ ಮುಚ್ಚಳ ಹಾಕಿದ. "ಹಂಗಾದ್ರ ನನಗ ಬ್ಯಾಡಪಾ ಫಕ್ಕೀರಪ್ಪ. ಕೈಹಾಲಿಂದು ನಾ ಯಾರ ಮನೀದೂ ಒಯ್ದಿಲ್ಲ, ನಿಂದೂ ಒಯ್ಯೂದಿಲ್ಲ. ನಿನ್ನ ಮಾತು ನಿನಗ ತಿರುಗಿ ಬಂತು," ಎಂದು ಹೇಳಿ ಬೈಕಿನ ಹತ್ತಿರ ಹೋದವನು ನನ್ನ ಕಡೆ ತಿರುಗಿದ. "ಡಾಕ್ಟರಬಾಯಾರ, ನಾಳೆ ದುಮ್ಮವಾಡಕ್ಕ ಮರಿ ನೋಡಾಕ ಹೊಂಟೇನ್ರಿ. ಅಲ್ಲಿಗೂ ಬಾಟ್ಲಿ ಹಿಡಕೊಂಡ ಬರತೀರೇನು ಮತ್ತ?"

ಫಕ್ಕೀರಪ್ಪ ಮರಿಯನ್ನು ಕೆಳಗೆ ಬಿಡಲೇ ಇಲ್ಲ. ಬೈಕಿನ ಸದ್ದು ಕೆರೆಯ ಏರಿಯ ಆಚೆ ಹೋಗುವ ತನಕ ಎದೆಗೆ ಒತ್ತಿಕೊಂಡು ನಿಂತಿದ್ದ. ಆಮೇಲೆ ಹೆಗಲ ಮೇಲಿನ ಟಾವೆಲ್‌ನಿಂದ ಮುಖ ಒರೆಸಿಕೊಂಡ. ನನಗೆ ಸಂತೋಷವಾಗಿತ್ತು, ಅದರ ಜೊತೆಗೆ ಹೊಟ್ಟೆಯುರಿಯೂ ಆಗಿತ್ತು. ಎರಡು ವರ್ಷ ಬಾಯಿ ಬಡಿದುಕೊಂಡು ಆಗದ್ದು ನಾಲ್ಕು ಗುಟುಕು ಹಾಲಿನಿಂದ ಆಗಿತ್ತು. ನನ್ನ ಪದವಿ, ನನ್ನ ಅನುಭವ, ಹಳದಿ ಓಲೆ ಯಾವುದಕ್ಕೂ ಅಲ್ಲಿ ಕಿಮ್ಮತ್ತಿರಲಿಲ್ಲ.

ಆ ಮರಿ ಮಳೆಗಾಲದಲ್ಲಿ ಬೆಳೆಯಿತು. ಪ್ರತಿ ಸಲ ಹೋದಾಗ ಮೊದಲು ಅದರ ರೆಪ್ಪೆ ಹೊರಳಿಸುತ್ತಿದ್ದೆ, ಕೆಂಪು. ಕರೆವ್ವ ಆ ಚಳಿಗಾಲ ದಾಟಲಿಲ್ಲ. ಒಂದು ಮುಂಜಾನೆ ಬಿಸಿಲಿಗೆ ಮಲಗಿದ್ದು ಹಾಗೇ ಹೋಯಿತಂತೆ. ಅದರ ಮಗನಿಂದ ಹುಟ್ಟಿದ ಮರಿಗಳು ಮುಂದಿನ ಮಳೆಯಲ್ಲಿ ಕೆಸರು ತುಳಿದು ಓಡಾಡಿದವು. ಎಲ್ಲವೂ ಉಳಿದವು ಎನ್ನಲಾರೆ, ಆದರೆ ಒಲೆಯ ಮುಂದಿನ ಗೋಣಿಚೀಲ ಹೆಚ್ಚಿನ ದಿನ ಖಾಲಿ ಇರುತ್ತಿತ್ತು. ಹೋತಕ್ಕೆ ಸ್ವಂತ ಹೆಣ್ಣುಮಕ್ಕಳು ಬೆಳೆದು ಬರುವ ಮೊದಲೇ ಅದನ್ನು ಬದಲಿಸಬೇಕು, ಇಲ್ಲದಿದ್ದರೆ ಒಳರಕ್ತದ ದೋಷ ಬರುತ್ತದೆ ಎಂದು ಹೇಳಿದ್ದೆ. ಫಕ್ಕೀರಪ್ಪ ಅದನ್ನು ಬಮ್ಮಿಗಟ್ಟಿಯ ಬೇರೊಬ್ಬರಿಗೆ ತಳಿಗೆಂದು ಕೊಟ್ಟು ಅವರಿಂದ ರಕ್ತಸಂಬಂಧವಿಲ್ಲದ ಇನ್ನೊಂದನ್ನು ತಂದ. ಕೊಡುವಾಗ ಕೊನೆಯ ತನಕ ಕತ್ತಿಗೆ ಕೊಡಬಾರದೆಂದು ಮಾತು ತೆಗೆದುಕೊಂಡೇ ಕೊಟ್ಟನಂತೆ. ಹುಬ್ಬಳ್ಳಿಯ ಗೇಟಿನ ಮಾತು ಮತ್ತೆ ಬರಲಿಲ್ಲ.

ನಾನು ಈಗ ನಿವೃತ್ತಳಾಗಿ ಧಾರವಾಡದಲ್ಲಿದ್ದೇನೆ. ಕೆಲಸ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ತಂಬೂರಿನ ಬಾಟಲಿಯ ವಿಷಯ ಹೇಳುತ್ತೇನೆ. ಒಂದು ದೊಡ್ಡಿಗೆ ಹೋದರೆ ಆಡಿನ ರೆಪ್ಪೆ ಹೊರಳಿಸಿ ನೋಡುವ ಮೊದಲು ಆ ಮನೆಯವರು ಯಾವ ಮಾತನ್ನು ಮುರಿಯುವುದಿಲ್ಲ ಎಂದು ತಿಳಿದುಕೊಳ್ಳಬೇಕು. ಔಷಧಿ ಆ ದಾರಿಯಲ್ಲೇ ಒಳಗೆ ಹೋಗುತ್ತದೆ. ಇದು ತಿಳಿದದ್ದು ನೌಕರಿಯ ಕೊನೆಯಲ್ಲಿ. ಅದಕ್ಕೂ ನನಗೆ ಸಿಟ್ಟಿದೆ.

ಮೊನ್ನೆ ಯಲ್ಲವ್ವನ ಫೋನು ಬಂತು. "ಬಾಯಾರ, ಆ ಹಣಿ ಮ್ಯಾಲೆ ಬಿಳಿ ಇತ್ತಲ್ರಿ, ಅದರ ಮಗಳು ಈದೈತ್ರಿ. ಎರಡೂ ಗಂಡು. ಬಾಟ್ಲಿ ತುಂಬಿ ಇಟ್ಟೇನಿ. ಯಾವುದಕ್ಕ ಕುಡಸ್ಲಿ?"

ನನಗೆ ಹುರುಪು ಬಂತು. ಹುಟ್ಟಿದ ಕೂಡಲೇ ಹೇಳಲಾಗದು, ಒಂದು ಮಳೆಗಾಲ ಕಳೆಯಬೇಕು, ರೆಪ್ಪೆ ನೋಡಬೇಕು, ಗೊರಸು ನೋಡಬೇಕು, ತೂಕ ಹೇಗೆ ಏರುತ್ತದೆ ಎಂದು ಗಮನಿಸಬೇಕು ಎಂದು ವಿವರವಾಗಿ ಹೇಳತೊಡಗಿದೆ.

"ಅದೆಲ್ಲಾ ಆಮ್ಯಾಲೆ ಹೇಳ್ರಿ ಬಾಯಾರ," ಎಂದು ಅವಳು ನಡುವೆಯೇ ತಡೆದಳು. "ಇಮಾಮಸಾಬ ಡಬ್ಬಿ ಹಿಡಕೊಂಡ ಬಾಗಿಲದಾಗ ನಿಂತಾನು. ಯಾವುದಕ್ಕ, ಅಷ್ಟ ಹೇಳ್ರಿ."

"ಎರಡಕ್ಕೂ ಕುಡಸು," ಎಂದೆ.